ನೆಲಕ್ಕೆ ಕೇಳಿದ ಪ್ರಶ್ನೆ ಯಾರದು?

ವಿಮರ್ಶೆ ಅಂದ ಕೂಡಲೆ ಕತೆ, ಕವನ, ಕಾದಂಬರಿಗಳ ಮೇಲೆ ಬರೆಯುವುದು ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಆದರೆ ನಮ್ಮ ಜನರ ಬದುಕನ್ನು ಕತೆ ಕವನಗಳಿಗಿಂತ ಹೆಚ್ಚಾಗಿ ಏರುಪೇರು ಮಾಡಿರುವ ಬರಹ ಬೇರೆ ಇದೆ. ಅದು ವರದಿ. ಅಣೆಕಟ್ಟಿಗೆ ಮುಂಚೆ ಒಂದು ವರದಿ, ರಸ್ತೆ ಅಗಲ ಮಾಡುವುದಕ್ಕೆ ಮುಂಚೆ ಒಂದು ವರದಿ, ಕೊಳೆಗೇರಿ ಎತ್ತಿಸುವುದಕ್ಕೆ ಮುಂಚೆ ಒಂದು ವರದಿ. ವರದಿಗೆ ಸಹಿ ಬಿತ್ತು ಅಂದರೆ ಹಿಂದೆಯೇ ಬುಲ್ಡೋಜರ್ ಬರುತ್ತದೆ. ಇಷ್ಟಾದರೂ ವರದಿಯನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಅದಕ್ಕೆ ಧೋರಣೆ ಇಲ್ಲ, ಪಕ್ಷ ಇಲ್ಲ, ಇರುವುದನ್ನು ಇದ್ದ ಹಾಗೆ ಬರೆದಿರುತ್ತಾರೆ ಅಂತ ನಂಬಿಬಿಡುತ್ತೇವೆ. ನಾವು ಮೋಸ ಹೋಗುವುದು ಅಲ್ಲೇ. ವರದಿಯೂ ಒಂದು ಕೃತಿ. ಅದನ್ನು ಬರೆಸಿದವನು ಒಬ್ಬ, ಬರೆದವನು ಒಬ್ಬ, ಅದರಿಂದ ಲಾಭ ಪಡೆಯುವವನು ಒಬ್ಬ, ಅದರಲ್ಲಿ ಹೆಸರೇ ಬಾರದವನು ಮತ್ತೊಬ್ಬ ಇದ್ದಾನೆ.

ಈ ಮಾತಿಗೆ ದೃಷ್ಟಾಂತವಾಗಿ ನಾವು ನ್ಯೂಯಾರ್ಕ್ ನಗರದ ಒಂದು ನಿವೇಶನದ ಕತೆಯನ್ನು ಎತ್ತಿಕೊಂಡಿದ್ದೇವೆ. ಅಷ್ಟು ದೂರ ಯಾಕೆ ಹೋಗ್ತೀರಿ ಅಂತ ಗೆಳೆಯರು ಕೇಳಬಹುದು. ಆ ಊರಿಗೂ ನಮಗೂ ನಂಟಿದೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ಆ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. 1946ರಲ್ಲಿ ಅವರು ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಮನವಿಯ ಪ್ರತಿಯನ್ನು ಕೇಳಿದ್ದರು. 1972ರಲ್ಲಿ ಮುಂಬಯಿಯ ದಲಿತ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ತಂದದ್ದೂ ಅಲ್ಲಿನ ಕಪ್ಪು ಜನರ ಹೋರಾಟದಿಂದಲೇ. ಅವರ ಮಸಣದ ಕತೆ ನಮಗೆ ಹೊರಗಿನದಲ್ಲ.

1

ಪಟ್ಟಣದ ನಡುವೆ ಹಳೆಯ ಕಟ್ಟಡ ಕೆಡವಿ ಹೊಸದನ್ನು ಎಬ್ಬಿಸುವ ಮೊದಲು, ನೆಲದಡಿ ಹಿಂದಿನವರ ಗುರುತು ಏನಾದರೂ ಉಳಿದಿದೆಯೋ ಅಂತ ಪುರಾತತ್ವ ಬಲ್ಲವರಿಂದ ಪರೀಕ್ಷೆ ಮಾಡಿಸುವ ಕ್ರಮ ಹಲವು ದೇಶಗಳಲ್ಲಿದೆ. ಮೊದಲು ಹಳೆಯ ನಕ್ಷೆ, ಕ್ರಯಪತ್ರ, ದಾಖಲೆಗಳನ್ನು ತಿರುವಿ ನೋಡುತ್ತಾರೆ. ಆಮೇಲೆ ಅಲ್ಲಲ್ಲಿ ಗುಂಡಿ ತೆಗೆದು ಮಣ್ಣಿನ ಪದರ ನೋಡುತ್ತಾರೆ. ಇಷ್ಟು ಉಳಿದಿರಬಹುದು, ಇಷ್ಟು ಹಾಳಾಗಿರಬಹುದು ಅಂತ ಅಂದಾಜು ಬರೆಯುತ್ತಾರೆ. ಅಮೆರಿಕದಲ್ಲಿ 1966ರ ಐತಿಹಾಸಿಕ ಸಂರಕ್ಷಣಾ ಕಾಯಿದೆಯ 106ನೇ ಕಲಮಿನ ಪ್ರಕಾರ, ಕೇಂದ್ರ ಸರ್ಕಾರದ ಕೆಲಸವಾದರೆ ಇದು ಕಡ್ಡಾಯ. ಆದರೆ ಆ ಕಲಮು ಏನು ಹೇಳುತ್ತದೆ ನೋಡಿ. ಪರಿಣಾಮವನ್ನು ಗಣನೆಗೆ ತೆಗೆದುಕೊಳ್ಳಿ ಎನ್ನುತ್ತದೆ. ಕಟ್ಟಬೇಡಿ ಎನ್ನುವುದಿಲ್ಲ. ಗಣನೆಗೆ ತೆಗೆದುಕೊಂಡು, ಕಾಗದದಲ್ಲಿ ಬರೆದು, ಆಮೇಲೆ ಕಟ್ಟಬಹುದು.

1990ರ ಹೊತ್ತಿಗೆ ಅಮೆರಿಕದ ಕೇಂದ್ರ ಸರ್ಕಾರದ ಕಟ್ಟಡಗಳ ಇಲಾಖೆ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ, ನಗರ ಸಭಾಭವನದ ಹತ್ತಿರವೇ, 34 ಅಂತಸ್ತಿನ ಕಚೇರಿ ಕಟ್ಟಲು ಹೊರಟಿತು. ಖರ್ಚು 27 ಕೋಟಿ ಡಾಲರಿಗೂ ಹೆಚ್ಚು. ಇಲಾಖೆ ಒಂದು ಖಾಸಗಿ ಸಂಸ್ಥೆಯಿಂದ ಸರ್ವೇಕ್ಷಣೆ ಮಾಡಿಸಿತು. ಅವರು ದಾಖಲೆಗಳನ್ನು ನೋಡಿದರು. ದಾಖಲೆ ಸುಮ್ಮನಿರಲಿಲ್ಲ. 1755ರ ನಗರ ನಕ್ಷೆಯಲ್ಲಿ ಆ ಜಾಗಕ್ಕೆ ಅಕ್ಷರದಲ್ಲಿ ಹೆಸರು ಬರೆದಿತ್ತು: ನೀಗ್ರೋಗಳ ಸಮಾಧಿ ನೆಲ.

ಹಾಗಾದರೆ ಗೊತ್ತಿರಲಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಗೊತ್ತಿತ್ತು. ವರದಿಯಲ್ಲೂ ಬರೆದರು. ಬರೆದ ಮೇಲೆ ಅವರು ಹೂಡಿದ ತರ್ಕ ಹೀಗಿದೆ: ಆ ಜಾಗದಲ್ಲಿ 19 ಮತ್ತು 20ನೇ ಶತಮಾನದಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದಿವೆ, ಅವಕ್ಕೆ ಆಳವಾದ ನೆಲಮಾಳಿಗೆ ಇತ್ತು, ನೆಲಮಾಳಿಗೆ ತೋಡುವಾಗ ಸಮಾಧಿಗಳು ಕಿತ್ತು ಹೋಗಿರುತ್ತವೆ, ಕಟ್ಟಡ ಬೀಳದ ಒಂದು ಹಳೆಯ ಓಣಿಯ ಅಡಿ ಏನಾದರೂ ಉಳಿದಿದ್ದರೆ ಉಳಿದಿರಬಹುದು, ಅಷ್ಟೆ.

ಮೇಲುನೋಟಕ್ಕೆ ಈ ತರ್ಕ ಸರಿ ಅನಿಸುತ್ತದೆ. ಆದರೆ ಮಣ್ಣಿನ ಕೆಲಸ ಮಾಡುವ ಯಾವ ಕೂಲಿಯವನೂ ಕೇಳುವ ಒಂದು ಪ್ರಶ್ನೆಗೆ ಅದು ಸರಿಯಾಗಿ ಉತ್ತರ ಹುಡುಕಲಿಲ್ಲ. ಆಗಿನ ನೆಲಮಟ್ಟ ಎಲ್ಲಿತ್ತು, ಈಗಿನ ನೆಲಮಟ್ಟ ಎಲ್ಲಿದೆ? ಆ ಜಾಗ ಮೊದಲು ಇಳಿಜಾರು. ಪಕ್ಕದ ಕೆರೆಯ ಕಡೆಗೆ ತಗ್ಗಾಗಿತ್ತು. ಸಮಾಧಿ ನೆಲವನ್ನು ಮುಚ್ಚಿದ ಮೇಲೆ, ಸೈಟು ಮಾಡಿ ಮಾರುವುದಕ್ಕೆ ತಗ್ಗಿಗೆ ಮಣ್ಣು ತುಂಬಿ ಮಟ್ಟ ಮಾಡಿದ್ದರು. ತುಂಬಿದ ಮಣ್ಣೇ ಕೆಲವು ಕಡೆ ಸುಮಾರು 20 ಅಡಿ. ಆಮೇಲಿನವರ ನೆಲಮಾಳಿಗೆ ಆ ತುಂಬಿದ ಮಣ್ಣಿನಲ್ಲೇ ಕೂತಿತ್ತು. ಸತ್ತವರು ಅದಕ್ಕೂ ಕೆಳಗೆ ಮಲಗಿದ್ದರು.

ಇದನ್ನು ತಾಂತ್ರಿಕ ತಪ್ಪು ಅಂತ ಹೇಳಿ ಮುಗಿಸಬಹುದು. ಆ ವರದಿ ಬರೆದವರು ಕೆಟ್ಟವರು ಎಂಬುದೂ ನಮ್ಮ ವಾದವಲ್ಲ; ಓಣಿಯ ಅಡಿ ಉಳಿದಿರಬಹುದು ಅಂತ ಬರೆದದ್ದೂ ಅವರೇ. ನಮ್ಮ ಆಕ್ಷೇಪ ಬೇರೆ. ಆ ವರದಿ ನೆಲಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಕಟ್ಟಡಕ್ಕೆ ನೀನು ಎಷ್ಟು ಅಡ್ಡಿ? ಇಲ್ಲಿ ಮಲಗಿರುವವರು ಯಾರು, ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿ ಇದ್ದಾರೆಯೆ, ಅವರನ್ನು ಒಂದು ಮಾತು ಕೇಳಬೇಡವೆ ಎಂಬ ಪ್ರಶ್ನೆ ಬರಲೇ ಇಲ್ಲ. ಕಟ್ಟಡದವನ ಪ್ರಶ್ನೆಗೆ ಕಟ್ಟಡದವನಿಗೆ ಬೇಕಾದ ಉತ್ತರವೇ ಸಿಗುತ್ತದೆ. ನೆಲಮಾಳಿಗೆಯಿಂದ ಎಲ್ಲ ನಾಶವಾಗಿದೆ ಎಂಬ ಉತ್ತರ ಯಾರಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

2

ಅಲ್ಲಿ ಮಲಗಿದ್ದವರು ಯಾರು? ಊರು ಕಟ್ಟಿದವರು.

ನ್ಯೂಯಾರ್ಕ್ ಅಂದರೆ ಬಿಳಿಯರ ಸ್ವಾತಂತ್ರ್ಯದ ಊರು, ಗುಲಾಮಗಿರಿ ಏನಿದ್ದರೂ ದಕ್ಷಿಣದ ಹತ್ತಿ ಹೊಲದ್ದು ಅಂತ ಅಮೆರಿಕದ ಶಾಲೆಗಳಲ್ಲಿ ಬಹಳ ಕಾಲ ಹೇಳಿಕೊಟ್ಟರು. ವಾಸ್ತವ ಬೇರೆ. 1703ರ ಗಣತಿಯ ಪ್ರಕಾರ ಆ ಊರಿನ ನೂರಕ್ಕೆ 40ಕ್ಕೂ ಹೆಚ್ಚು ಮನೆಗಳಲ್ಲಿ ಗುಲಾಮರಿದ್ದರು. ಇಂದು ಜಗತ್ತಿನ ಹಣದ ಪೇಟೆಯಾಗಿರುವ ವಾಲ್ ಸ್ಟ್ರೀಟಿಗೆ ಹೆಸರು ಕೊಟ್ಟ ಗೋಡೆ 1653ರದು; ಅದನ್ನು ಎಬ್ಬಿಸಿದವರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರಿದ್ದರು. ಕಾಡು ಕಡಿದವರು, ರಸ್ತೆ ಮಾಡಿದವರು, ಹಡಗಿನ ಸರಕು ಹೊತ್ತವರು, ಮನೆಯೊಳಗೆ ಬೇಯಿಸಿ ಬಡಿಸಿದವರು ಅವರು. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ನಿಂತದ್ದು 1827ರಲ್ಲಿ.

ಬದುಕಿದ್ದಾಗ ಅಡುಗೆಮನೆಯೊಳಗೆ ಬೇಕಾದವರು ಸತ್ತ ಮೇಲೆ ಊರೊಳಗೆ ಬೇಡವಾದರು. 1697ರಲ್ಲಿ ಅಲ್ಲಿನ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಕಪ್ಪು ಜನರನ್ನು ಹೂಳಕೂಡದೆಂದು ಕಟ್ಟಳೆ ಮಾಡಿತು. ಅವರು ಊರ ಹೊರಗೆ, ಕೆರೆಯ ಹತ್ತಿರದ ತಗ್ಗಿನಲ್ಲಿ, ಯಾರಿಗೂ ಬೇಡವಾದ ನೆಲದಲ್ಲಿ ತಮ್ಮವರನ್ನು ಮಣ್ಣು ಮಾಡಿದರು. 1745ರಲ್ಲಿ ಊರಿಗೆ ಮರದ ಕೋಟೆಬೇಲಿ ಹಾಕಿದಾಗಲೂ ಆ ಮಸಣ ಬೇಲಿಯಿಂದ ಆಚೆಗೇ ಉಳಿಯಿತು. ಊರು ಬೇರೆ, ಕೇರಿ ಬೇರೆ, ಕೇರಿಯ ಮಸಣ ಇನ್ನೂ ಆಚೆ. ಈ ನಕ್ಷೆಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

1712ರಲ್ಲಿ ಆ ಊರಿನ ಗುಲಾಮರು ದಂಗೆ ಎದ್ದರು. ಅವರು ನಾಲ್ಕು ಜನ ಒಟ್ಟಿಗೆ ಸೇರಿದರೆ ಸಾಕು, ಒಡೆಯರಿಗೆ ನಡುಕ. ಹೆಣದ ಹಿಂದೆ ಹೋಗುವುದೂ ಸೇರುವುದೇ ತಾನೆ? 1722ರಲ್ಲಿ, ಹೊತ್ತು ಮುಳುಗುವುದರೊಳಗೇ ಹೂಳಬೇಕೆಂದು ಕಾನೂನಾಯಿತು. ರಾತ್ರಿ ಮಣ್ಣು ಮಾಡುವ ಅವರ ಸಂಪ್ರದಾಯಕ್ಕೆ ಅದು ಬಿದ್ದ ಪೆಟ್ಟು. 1731ರಲ್ಲಿ, ಹೆಣದ ಜೊತೆ 12ಕ್ಕಿಂತ ಹೆಚ್ಚು ಜನ ಹೋಗಕೂಡದು, ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಕೂಡದು ಎಂದಾಯಿತು. ಅಳುವವರ ತಲೆಯನ್ನೂ ಎಣಿಸುವ ಕಾನೂನು! ಮೇಲ್ಜಾತಿಯ ಬೀದಿಯಲ್ಲಿ ಹೆಣ ಒಯ್ಯಬೇಡಿ, ತಮಟೆ ಬಡಿಯಬೇಡಿ ಎಂಬ ಮಾತು ಕೇಳಿ ಬೆಳೆದವರಿಗೆ ಈ ಕಾನೂನಿನ ಅರ್ಥ ಒಳಗಿನಿಂದಲೇ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವೈದ್ಯ ಕಲಿಯುವ ಹುಡುಗರು ಕೊಯ್ದು ನೋಡುವುದಕ್ಕೆ ಆ ಮಸಣದಿಂದ ರಾತ್ರಿ ಹೆಣ ಕದಿಯುತ್ತಿದ್ದರು. 1788ರ ಫೆಬ್ರವರಿಯಲ್ಲಿ ಊರಿನ ಕಪ್ಪು ಜನ, ಇದನ್ನು ನಿಲ್ಲಿಸಿ ಎಂದು ನಗರಸಭೆಗೆ ಅರ್ಜಿ ಬರೆದರು. ಅರ್ಜಿಗೆ ಬೆಲೆ ಬರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಬಿಳಿಯರ ಚರ್ಚಿನ ಅಂಗಳದಿಂದ ಒಬ್ಬ ಬಿಳಿ ಹೆಂಗಸಿನ ಹೆಣ ಕಳುವಾಯಿತು ಅಂತ ಸುದ್ದಿ ಹಬ್ಬಿದಾಗ ಮಾತ್ರ ಊರಿಗೆ ಊರೇ ದಂಗೆ ಎದ್ದಿತು. ಆ ಅರ್ಜಿಯೂ ದಾಖಲೆಯೇ. 1990ರಲ್ಲಿ ದಾಖಲೆ ನೋಡಲು ಕೂತವರಿಗೆ ಆ ಅರ್ಜಿ ಹೇಳುತ್ತಿದ್ದದ್ದು ಇಷ್ಟು: ಈ ಮಸಣಕ್ಕೆ ವಾರಸುದಾರರಿದ್ದಾರೆ, ಅವರು 200 ವರ್ಷದ ಹಿಂದೆಯೇ ಬಾಯಿ ಬಿಟ್ಟು ಕೇಳಿದ್ದಾರೆ.

ಅಕ್ಕಪಕ್ಕದ ಕುಂಬಾರಿಕೆಯ ಗೂಡುಗಳವರು ಒಡೆದ ಪಾತ್ರೆಗಳನ್ನು ಆ ಸಮಾಧಿಗಳ ಮೇಲೆ ಸುರಿದರು. ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಂಬು, ಎಲುಬು, ಕಸವೂ ಅಲ್ಲಿಗೇ ಬಂತು. ಊರು ಬೆಳೆಯಿತು. 1795ರ ಸುಮಾರಿಗೆ ಮಸಣವನ್ನು ಸೈಟುಗಳಾಗಿ ಹಂಚಿದರು. 6 ಎಕರೆಗೂ ಹೆಚ್ಚಿನ ನೆಲ, ಸುಮಾರು 15 ಸಾವಿರ ಜನರ ಸಮಾಧಿ ಎಂಬುದು ಅಂದಾಜು. ಅದರ ಮೇಲೆ ಅಂಗಡಿ ಬಂತು, ಕಚೇರಿ ಬಂತು. ಹೆಸರು ಮಾತ್ರ ನಕ್ಷೆಯಲ್ಲಿ ಉಳಿಯಿತು.

3

1991ರಲ್ಲಿ ಅಗೆತ ಶುರುವಾಯಿತು. ಇಲ್ಲ ಅಂದಿದ್ದ ಸಮಾಧಿಗಳು ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಬಂದವು. ಆ ಅಕ್ಟೋಬರಿನಲ್ಲಿ ಸುದ್ದಿ ಹೊರಬಿತ್ತು. ಇಲಾಖೆ ಏನು ಮಾಡಬೇಕಾಗಿತ್ತು? ಕೆಲಸ ನಿಲ್ಲಿಸಿ, ಆ ಜನರನ್ನು ಕರೆದು ಕೇಳಬೇಕಾಗಿತ್ತು. ಇಲಾಖೆ ಮಾಡಿದ್ದು, ಬೇಗ ಬೇಗ ತೆಗೆಯಿರಿ ಎಂದು ಅವಸರ ಮಾಡಿದ್ದು. ಏನನ್ನು ತಿಳಿಯುವುದಕ್ಕೆ ಅಗೆಯುತ್ತಿದ್ದೇವೆ ಎಂಬ ಸಂಶೋಧನಾ ಯೋಜನೆಯೇ ತಯಾರಿರಲಿಲ್ಲ. ಎಲುಬು ಮಾತ್ರ ಪೆಟ್ಟಿಗೆ ಸೇರುತ್ತಾ ಹೋಯಿತು. 1992ರ ಫೆಬ್ರವರಿಯಲ್ಲಿ ಕಟ್ಟಡದ ಕೆಲಸದವರು ಹಳೆಯ ನಕ್ಷೆ ಹಿಡಿದು ಕಾಂಕ್ರೀಟಿನ ಪಾಯ ಹಾಕಲು ಹೋಗಿ ಹಲವು ಸಮಾಧಿಗಳನ್ನು ಪುಡಿ ಮಾಡಿದರು. ಎಲುಬುಗಳನ್ನು ಸುತ್ತಿಟ್ಟ ರೀತಿಯ ಮೇಲೂ ದೂರು ಬಂತು.

ಆಗ ಜನ ಬೀದಿಗೆ ಬಂದರು. ನಮ್ಮ ತಾಯಿ ತಂದೆಯರನ್ನು ನಮ್ಮನ್ನು ಕೇಳದೆ ಎತ್ತಲು ನೀವು ಯಾರು ಎಂಬುದೇ ಎಲ್ಲರ ಪ್ರಶ್ನೆ. ಚರ್ಚಿನವರು, ಕಲಾವಿದರು, ಮೇಷ್ಟ್ರುಗಳು, ಶಾಲೆಯ ಮಕ್ಕಳು, ದಿನಗೂಲಿಯವರು ನಿವೇಶನದ ಬೇಲಿಯ ಹತ್ತಿರ ಜಾಗರಣೆ ಕೂತರು. ಆ ಊರಿನ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಕೆಲಸ ನಿಲ್ಲಿಸಲು ಕೇಳಿದರು. ಇಲಾಖೆ ಜಗ್ಗಲಿಲ್ಲ. 1992ರ ಜುಲೈನಲ್ಲಿ, ಸರ್ಕಾರಿ ಕಟ್ಟಡಗಳ ಸಂಸದೀಯ ಸಮಿತಿಯ ಅಧ್ಯಕ್ಷ ಗಸ್ ಸ್ಯಾವೇಜ್ ವಿಚಾರಣೆ ನಡೆಸಿ, ಹೀಗೇ ನಡೆದರೆ ಇಲಾಖೆಗೆ ಹಣ ಮಂಜೂರಾಗುವುದಿಲ್ಲ ಎಂದ ಮೇಲೆಯೇ ಅಗೆತ ನಿಂತಿತು. ಅಷ್ಟರಲ್ಲಿ 419 ಜನರ ಅವಶೇಷಗಳನ್ನು ಮೇಲಕ್ಕೆ ತೆಗೆದಾಗಿತ್ತು. ಅದೇ ಅಕ್ಟೋಬರಿನಲ್ಲಿ ಕಾನೂನಾಗಿ, ಉಳಿದ ಸಮಾಧಿಗಳ ಮೇಲೆ ಬರಬೇಕಿದ್ದ ಭಾಗವನ್ನು ಕೈಬಿಟ್ಟರು. ಸ್ಮಾರಕಕ್ಕೆ 30 ಲಕ್ಷ ಡಾಲರ್‌ವರೆಗೆ ಹಣ ಗೊತ್ತು ಮಾಡಿದರು. ಗೋಪುರ ಮಾತ್ರ 34 ಅಂತಸ್ತೂ ಎದ್ದಿತು. ಇದನ್ನು ಮರೆಮಾಚಿ ಗೆದ್ದೆವು ಅಂತ ಹೇಳುವುದು ಬೇಡ.

4

ಇನ್ನೊಂದು ಜಗಳ ಎಲುಬುಗಳನ್ನು ಓದುವವರು ಯಾರು ಎಂಬುದರ ಮೇಲೆ ನಡೆಯಿತು. ವಿಮರ್ಶೆಯ ದೃಷ್ಟಿಯಿಂದ ನಮಗೆ ಇದೇ ಮುಖ್ಯ.

ಮೊದಲು ಎಲುಬು ಕೈಗೆತ್ತಿಕೊಂಡವರು ಪೊಲೀಸ್ ಪ್ರಕರಣಗಳಲ್ಲಿ ಅವಶೇಷ ಗುರುತಿಸುವ ತಜ್ಞರು. ಅವರದು ಮಹಜರಿನ ಪ್ರಶ್ನೆ: ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರವೆಷ್ಟು, ಯಾವ ಜನಾಂಗ? ಬುರುಡೆ ಅಳೆದು ಜನಾಂಗದ ಚೀಟಿ ಅಂಟಿಸಿದರೆ ಕೆಲಸ ಮುಗಿಯಿತು. ಈ ವಿಧಾನವನ್ನು ಕಟುವಾಗಿ ಟೀಕಿಸಿದವರು ಹೋವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಮೈಕೆಲ್ ಬ್ಲೇಕಿ. ಹೋವರ್ಡ್ ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ವಿಶ್ವವಿದ್ಯಾಲಯ. ಜನರ ಒತ್ತಾಯದಿಂದ 1993ರಲ್ಲಿ ಅವಶೇಷಗಳು ಅಲ್ಲಿಗೆ ಹೋದವು. ಅಲ್ಲಿ ಮೊದಲು ವಾರಸುದಾರ ಜನರ ಸಭೆ ಕರೆದರು. ಅವರಿಗೆ ಏನು ತಿಳಿಯಬೇಕಾಗಿದೆ ಎಂದು ಕೇಳಿ ಪ್ರಶ್ನೆ ಕಟ್ಟಿದರು. ನಾಲ್ಕು ಪ್ರಶ್ನೆ ನಿಂತವು. ಇವರು ಆಫ್ರಿಕಾದ ಎಲ್ಲೆಲ್ಲಿಂದ ಬಂದರು? ಇವರ ಮೈ ಏನೇನು ಪಾಡು ಪಟ್ಟಿತು? ಆಫ್ರಿಕಾದವರು ಅಮೆರಿಕದವರಾಗುವಾಗ ಏನೇನು ಬದಲಾಯಿತು? ಇವರು ಹೇಗೆ ಪ್ರತಿಭಟಿಸಿದರು?

ಗೆಳೆಯರೆ, ಮಹಜರಿನ ಪ್ರಶ್ನೆಯನ್ನೂ ಈ ನಾಲ್ಕು ಪ್ರಶ್ನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲುಬು ಅದೇ. ಮಣ್ಣು ಅದೇ. ಪ್ರಶ್ನೆ ಬದಲಾದ ಕೂಡಲೆ ಎಲುಬಿನಿಂದ ಮನುಷ್ಯ ಎದ್ದು ಬಂದ. ಜೊತೆಗೆ ಪದವೂ ಬದಲಾಯಿತು. ಗುಲಾಮರು ಎಂಬ ಪದ ಬಿಟ್ಟು, ಗುಲಾಮಗಿರಿಗೆ ದೂಡಲ್ಪಟ್ಟ ಆಫ್ರಿಕನ್ನರು ಎಂದು ಬರೆದರು. ಗುಲಾಮ ಎಂದರೆ ಅದು ಅವನ ಹುಟ್ಟುಗುಣ ಎಂಬಂತೆ ಕೇಳಿಸುತ್ತದೆ. ದೂಡಲ್ಪಟ್ಟವನು ಎಂದರೆ ದೂಡಿದವನು ಯಾರು ಎಂಬ ಪ್ರಶ್ನೆ ಏಳುತ್ತದೆ. ನಮಗೆ ಕೊಟ್ಟ ಹೆಸರುಗಳನ್ನು ಬಿಸಾಕಿ ದಲಿತ ಎಂಬ ಪದ ಹಿಡಿದ ನಮಗೆ ಇದು ಬರೀ ಪದದ ಗಲಾಟೆ ಅಲ್ಲ ಅಂತ ಗೊತ್ತು. 1993ರಲ್ಲಿ ಅದು ರಾಷ್ಟ್ರೀಯ ಹೆಗ್ಗುರುತು ಎಂದು ಘೋಷಣೆಯಾದದ್ದೂ ಆಫ್ರಿಕನ್ ಸಮಾಧಿ ನೆಲ ಎಂಬ ಹೊಸ ಹೆಸರಿನಲ್ಲೇ.

ಎಲುಬು ಹೇಳಿದ್ದೇನು? ಸತ್ತವರಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ 12 ವರ್ಷದೊಳಗಿನ ಮಕ್ಕಳು. ಮಕ್ಕಳ ಹಲ್ಲಿನಲ್ಲಿ ಹಸಿವಿನ ಮತ್ತು ರೋಗದ ಗೆರೆಗಳು. ದೊಡ್ಡವರ ತೋಳು, ಭುಜ, ಬೆನ್ನಿನ ಎಲುಬುಗಳಲ್ಲಿ ಸ್ನಾಯು ಹಿಡಿದಿದ್ದ ಜಾಗ ದಪ್ಪಗಾಗಿ, ಹರಿದು ಹೋಗಿತ್ತು. ತಾಳಲಾರದ ಭಾರ ಹೊತ್ತ ಗುರುತು ಅದು. ಇಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸಿನ ಪಕ್ಕೆಲುಬಿನ ನಡುವೆ ಬಂದೂಕಿನ ಗುಂಡು ಇತ್ತು. ಮುಖದ ಎಲುಬು ಮುರಿದಿತ್ತು, ಮುಂಗೈ ಮುರಿದಿತ್ತು. ಅವಳ ಹೆಸರು ನಮಗೆ ಸಿಗುವುದಿಲ್ಲ. 25ನೇ ಸಮಾಧಿ ಎಂಬ ಅಂಕೆ ಮಾತ್ರ ಇದೆ. ಆದರೆ ಅವಳು ಸುಮ್ಮನೆ ಸಾಯಲಿಲ್ಲ ಎಂದು ಆ ಎಲುಬು ಹೇಳುತ್ತದೆ.

ದುಃಖ ಒಂದೇ ಅಲ್ಲ, ಅಲ್ಲಿ ಪ್ರೀತಿಯೂ ಸಿಕ್ಕಿತು. ಹೆಚ್ಚಿನವರನ್ನು ಪೆಟ್ಟಿಗೆಯಲ್ಲಿಟ್ಟು, ತಲೆ ಪಡುವಣಕ್ಕೆ ಮಾಡಿ ಮಲಗಿಸಿದ್ದರು. ಬಟ್ಟೆ ಸುತ್ತಿ ಚುಚ್ಚಿದ ಗುಂಡುಸೂಜಿಗಳು ಉಳಿದಿದ್ದವು. ಒಬ್ಬ ತಾಯಿಯ ತೋಳ ಮಡಿಲಲ್ಲಿ ಹಸುಗೂಸು. ಇನ್ನೊಬ್ಬ ವಯಸ್ಸಾದ ಹೆಂಗಸಿನ ಸೊಂಟಕ್ಕೆ ನೂರಕ್ಕೂ ಹೆಚ್ಚು ಮಣಿ ಮತ್ತು ಕವಡೆ ಪೋಣಿಸಿದ ಸರ. ಅವಳ ಹಲ್ಲುಗಳನ್ನು ಆಫ್ರಿಕಾದ ಪದ್ಧತಿಯಂತೆ ಉಜ್ಜಿ ತಿದ್ದಿತ್ತು. ಮೈಯೇ ತಮ್ಮದಲ್ಲ ಅಂತ ಕಾನೂನು ಹೇಳುತ್ತಿದ್ದ ಊರಿನಲ್ಲಿ ಆ ಮಣಿಸರವನ್ನು ಮಾರದೆ, ತೆಗೆಯದೆ, ಅವಳ ಜೊತೆಗೇ ಮಣ್ಣಿಗಿಟ್ಟರು. ಹೊತ್ತು ಮುಳುಗುವುದರೊಳಗೆ, ಹನ್ನೆರಡೇ ಜನ ನಿಂತು.

5

ಹೊಗಳಿಕೆ ಬರೆದು ಮುಗಿಸಿದರೆ ವಿಮರ್ಶೆ ಆಗುವುದಿಲ್ಲ. ನಮ್ಮವರ ಓದಿನ ಮೇಲೂ ನಾವು ಪ್ರಶ್ನೆ ಎತ್ತಬೇಕು. 101ನೇ ಸಮಾಧಿಯ ಪೆಟ್ಟಿಗೆಯ ಮುಚ್ಚಳದ ಮೇಲೆ ಸಣ್ಣ ಮೊಳೆಗಳಿಂದ ಮಾಡಿದ ಹೃದಯದಂಥ ಚಿತ್ರವಿತ್ತು. ಅದು ಸಂಕೋಫ, ಅಂದರೆ ಹಿಂತಿರುಗಿ ಹಿಂದಿನದನ್ನು ಎತ್ತಿಕೊ ಎಂದು ಹೇಳುವ ಘಾನಾದ ಅಕಾನ್ ಜನರ ಚಿಹ್ನೆ ಎಂದು ಓದಿದರು. ಅದು ಹೋರಾಟದ ಗುರುತಾಯಿತು, ಸ್ಮಾರಕದ ಕಲ್ಲಿನಲ್ಲೂ ಮೂಡಿತು. 2010ರಲ್ಲಿ ಎರಿಕ್ ಸೀಮನ್ ಎಂಬ ಇತಿಹಾಸಕಾರ, ಆ ಕಾಲದ ಬಿಳಿಯರ ಶವಪೆಟ್ಟಿಗೆಗಳಲ್ಲೂ ಹೃದಯದ ಚಿತ್ರ ಇರುತ್ತಿತ್ತು, ಇದು ಅಲ್ಲಿಂದ ಬಂದಿರಬಹುದು ಎಂದು ವಾದಿಸಿದರು.

ಇದನ್ನು ಕೇಳಿ ನಮ್ಮ ಕೆಲವರಿಗೆ ಸಿಟ್ಟು ಬರಬಹುದು. ಬರಬೇಕಾಗಿಲ್ಲ. ಮಣಿಸರ, ಹಲ್ಲು, ಗುಂಡು, ಮುರಿದ ಮುಂಗೈ ಇವು ಯಾವುದೂ ಆ ಒಂದು ಚಿಹ್ನೆಯ ಮೇಲೆ ನಿಂತಿಲ್ಲ. ಮೇಲಿನವರು ಪುರಾಣವನ್ನು ಇತಿಹಾಸ ಅಂತ ನಮ್ಮ ತಲೆಗೆ ತುಂಬಿದರು. ಅದಕ್ಕೆ ಉತ್ತರವಾಗಿ ನಾವೂ ಒಂದು ಪುರಾಣ ಕಟ್ಟಿದರೆ ಅವರ ಆಟವನ್ನೇ ಆಡಿದ ಹಾಗಾಗುತ್ತದೆ. ಪ್ರಶ್ನೆ ನಮ್ಮದಾಗಿರಲಿ, ಉತ್ತರ ನೆಲದ್ದೇ ಆಗಿರಲಿ.

ಪ್ರಶ್ನೆ ಕೇಳುವ ಹಕ್ಕು ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸಾಕ್ಷಿ. ಅಲ್ಲಿ 2003ರಲ್ಲಿ ಪ್ರೆಸ್ಟ್‌ವಿಚ್ ಬೀದಿಯಲ್ಲಿ ಉಳ್ಳವರ ವಸತಿ ಕಟ್ಟಡಕ್ಕೆ ಪಾಯ ತೋಡುವಾಗ ಹಳೆಯ ಕಾಲದ ಗುಲಾಮರ, ಬಡವರ ಸಮಾಧಿಗಳು ಸಿಕ್ಕವು. ವರ್ಣಭೇದದ ಸರ್ಕಾರ ಹೋಗಿ ಒಂಬತ್ತು ವರ್ಷವಾಗಿತ್ತು. ಜನರನ್ನು ಕೇಳಬೇಕೆಂಬ 1999ರ ಕಾಯಿದೆಯೂ ಇತ್ತು. ಸಭೆ ಕರೆದರು, ಜನ ಬಂದರು, ಅವರನ್ನು ಅಲ್ಲೇ ಬಿಡಿ ಎಂದರು. ಎಲುಬು ಅಧ್ಯಯನ ಮಾಡಿದರೆ ನಿಮ್ಮ ಚರಿತ್ರೆಯೇ ತಿಳಿಯುತ್ತದಲ್ಲ ಎಂದು ತಜ್ಞರು ಬುದ್ಧಿ ಹೇಳಿದರು. ಕೊನೆಗೆ ಜನರ ಮೇಲ್ಮನವಿ ತಿರಸ್ಕಾರವಾಯಿತು. 2500ಕ್ಕೂ ಹೆಚ್ಚು ಜನರ ಅವಶೇಷ ತೆಗೆದು ಜಾಗ ಖಾಲಿ ಮಾಡಿದರು, ಕಟ್ಟಡ ಎದ್ದಿತು. 2008ರಲ್ಲಿ ಎಲುಬಿನ ಪೆಟ್ಟಿಗೆಗಳಿಗೆ ಒಂದು ಸ್ಮರಣಾ ಮಂದಿರ ಮಾಡಿದರು; ಆಮೇಲೆ ಅದೇ ಮಂದಿರದಲ್ಲಿ ಕಾಫಿ ಅಂಗಡಿ ಬಂತು. ಸಭೆ ಕರೆಯುವುದೇ ಬೇರೆ, ಸಭೆಯ ಮಾತು ನಡೆಸಿಕೊಡುವುದೇ ಬೇರೆ. ಗ್ರಾಮಸಭೆ ಕಂಡ ನಮಗೆ ಇದೂ ಹೊಸದಲ್ಲ.

6

ನ್ಯೂಯಾರ್ಕಿನಲ್ಲಿ 2003ರ ಅಕ್ಟೋಬರಿನಲ್ಲಿ ಆ 419 ಜನರನ್ನು ವಾಷಿಂಗ್ಟನ್‌ನಿಂದ ಊರೂರು ದಾಟಿಸಿ, ದಾರಿಯುದ್ದಕ್ಕೂ ಜನ ನಿಂತು ನಮಿಸಿ, ತಂದು ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಿದರು. ಅವತ್ತು ಹನ್ನೆರಡು ಜನರ ಲೆಕ್ಕ ಯಾರೂ ಇಡಲಿಲ್ಲ. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು, 2007ರಲ್ಲಿ ಕಲ್ಲಿನ ಸ್ಮಾರಕ ತೆರೆಯಿತು. ಆದರೂ ಮೊದಲ ವರದಿ ಬರೆಯುವ ದಿನವೇ ಆ ಜನರನ್ನು ಕೂಡಿಸಿಕೊಂಡಿದ್ದರೆ 419 ಜನ ಎದ್ದು ಬರಬೇಕಾಗಿರಲಿಲ್ಲ. ಸ್ಮಾರಕದ ಹೊತ್ತಿಗೆ ಕರೆದು ಹಾರ ಹಾಕುವುದು ಸುಲಭ. ಪ್ರಶ್ನೆ ಬರೆಯುವ ಹೊತ್ತಿಗೆ ಕರೆಯಬೇಕು. ನಮ್ಮ ವಿಮರ್ಶೆಯ ಸಾರ ಇಷ್ಟೆ.

ನಮ್ಮಲ್ಲಿ ಏನಿದೆ? 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ, ಸರ್ಕಾರ ಘೋಷಿಸಿದ ಸ್ಮಾರಕವನ್ನು ಕಾಯುತ್ತದೆ. 2010ರ ತಿದ್ದುಪಡಿಯ ಮೇಲೆ ಅದರ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಘೋಷಣೆಯಾಗುವುದು ಹೆಚ್ಚಾಗಿ ಗುಡಿ, ಕೋಟೆ, ಗುಮ್ಮಟ. ಕಲ್ಲಿನಲ್ಲಿ ಕಟ್ಟಿಸುವ ತಾಕತ್ತು ಇದ್ದವನ ಗುರುತಿಗೆ ಕಾಯಿದೆ ಇದೆ. ಆ ಕಲ್ಲು ಹೊತ್ತವನ ಕೇರಿಗೆ, ಅವನ ಬಾವಿಗೆ, ಅವನ ಮಸಣಕ್ಕೆ ಏನಿದೆ? ಊರಿನವರಿಗೆ ಗುಣಿ ತೋಡಿ ಕೊಟ್ಟ ಜನಕ್ಕೇ ತಮ್ಮವರನ್ನು ಮಣ್ಣು ಮಾಡಲು ಜಾಗವಿಲ್ಲದೆ, ಹಳ್ಳದ ದಂಡೆಯಲ್ಲಿ, ರಸ್ತೆ ಬದಿಯಲ್ಲಿ ಹೂಳುವುದನ್ನು ನಾವು ನೋಡುತ್ತಲೇ ಇದ್ದೇವೆ. ಹಾಗೆ ಹೂತ ಜಾಗ ಪಹಣಿಯಲ್ಲಿ ಖರಾಬು ಅಂತ ಇರುತ್ತದೆ, ಇಲ್ಲವೇ ಪಕ್ಕದವನ ಹೊಲ ಅಂತಲೇ ಇರುತ್ತದೆ. ಬಡಾವಣೆ ಬಂದಾಗ, ಬೈಪಾಸ್ ಬಂದಾಗ, ಇಲ್ಲಿ ಏನೂ ಇಲ್ಲ ಎಂದು ಬರೆಯುವುದಕ್ಕೆ ಒಂದು ಗೆರೆ ಸಾಕು.

ನ್ಯೂಯಾರ್ಕಿನವರ ಪಾಲಿಗೆ ಕೊನೆಗೆ ನಿಂತದ್ದು 1755ರ ನಕ್ಷೆಯ ಮೇಲಿದ್ದ ಆ ಹೆಸರು. ಅವಮಾನಕ್ಕಾಗಿ ಬರೆದ ಹೆಸರೇ ಆದರೂ ಅದು ಸಾಕ್ಷಿಯಾಯಿತು. ನಮ್ಮ ಮಸಣಗಳಿಗೆ ನಕ್ಷೆಯಲ್ಲಿ ಅಷ್ಟು ಹೆಸರಾದರೂ ಇದೆಯೇ? ಹಳ್ಳಿಯ ಮೇಷ್ಟ್ರುಗಳಲ್ಲಿ, ಓದುವ ಹುಡುಗ ಹುಡುಗಿಯರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ತಾಲ್ಲೂಕು ಕಚೇರಿಯಿಂದ ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ತನ್ನಿ. ಕೇರಿಯ ಹಿರಿಯರನ್ನು ಕೂರಿಸಿಕೊಂಡು, ಯಾರ ಅಜ್ಜನನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿ, ಸರ್ವೆ ನಂಬರು ಹಾಕಿ, ನಕ್ಷೆಯ ಮೇಲೆ ಗುರುತು ಮಾಡಿ. ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಶಾಲೆಯಲ್ಲಿಡಿ. ನಾಳೆ ಅಳತೆಯ ಸರಪಳಿ ಹಿಡಿದವರು ಬಂದಾಗ, ಇಲ್ಲಿ ಏನೂ ಇಲ್ಲ ಅಂತ ಬರೆಯುವ ಮೊದಲು ಅವರು ಆ ಕಾಗದವನ್ನು ದಾಟಿ ಹೋಗಬೇಕಾಗುತ್ತದೆ.